ಡಬ್ಬಿಯೊಳಗಿನ ಹತ್ತಿ

ಒಂಬತ್ತನೇ ತಾರೀಕು ಬೆಳಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು, ಕುರ್ಚಿ ಕೊಟ್ಟರೂ ಕೂರಲಿಲ್ಲ. ಎಂಟು ತಿಂಗಳ ಬಸುರಿ. ಕೂತರೆ ಏಳುವುದು ಕಷ್ಟ, ನಿಂತೇ ಹೇಳುತ್ತೇನೆ ಎಂದಳು. ಕೈಚೀಲದಿಂದ ಬಿಳಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು ಇನ್‌ಸ್ಪೆಕ್ಟರ್ ಮೇಡಂ ಅವರ ಮೇಜಿನ ಮೇಲಿಟ್ಟಳು. ಡಬ್ಬಿಯ ಮೇಲಿನ ಚೀಟಿಯನ್ನು ಯಾರೋ ಕಿತ್ತಿದ್ದರು. ಅಂಟಿನ ಗುರುತು ಮಾತ್ರ ಉಳಿದಿತ್ತು.

“ಈ ಮಾತ್ರೆ ಖೊಟ್ಟಿ ಮೇಡಂ. ನನ್ನ ಗಂಡನ್ನ ಕೊಂದಿದ್ದು ಇದೇ.”

“ಯಾವ ಕಾಯಿಲೆ ಮಾತ್ರೆ?”

ಅವಳು ಬಾಗಿಲ ಕಡೆ ನೋಡಿದಳು. ಅಲ್ಲಿ ಹೆಡ್ ಕಾನ್‌ಸ್ಟೆಬಲ್ ನಿಂತಿದ್ದ. ಕೆಮ್ಮಿಗೆ ಹೆದರಿ ವರ್ಷವಿಡೀ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಬಿಸಿನೀರಿನ ಫ್ಲಾಸ್ಕ್ ಹೊತ್ತು ತಿರುಗುವ ಈತನಿಗೆ ಠಾಣೆಯವರೆಲ್ಲ ಸೇರಿ ಇಟ್ಟ ಹೆಸರು ಅಜ್ಜಿ. ದಪ್ಪ ಮೀಸೆಯ ಅಜ್ಜಿ. ಇನ್‌ಸ್ಪೆಕ್ಟರ್ ಕಣ್ಸನ್ನೆ ಮಾಡಿದ್ದೇ ತಡ, ಅಜ್ಜಿ ಬಾಗಿಲು ಮುಂದೆ ಮಾಡಿ ಒಳಗೆ ಬಂದ.

“ಇವರು ಬರ್ಕೊಳ್ಳೋರು. ಇವರ ಬಾಯಿಂದ ಒಂದು ಮಾತೂ ಆಚೆ ಹೋಗಲ್ಲ. ಹೇಳಮ್ಮ.”

“ಎಚ್‌ಐವಿ,” ಎಂದಳು. “ಅವರಿಗೂ ಇತ್ತು. ನನಗೂ ಇದೆ.”

ಅಜ್ಜಿಯ ಪೆನ್ನು ಒಂದು ಗಳಿಗೆ ನಿಂತು ಮತ್ತೆ ನಡೆಯಿತು.

ಆಕೆ ಪರದೆ ಅಂಗಡಿಯೊಂದರಲ್ಲಿ ಹೊಲಿಗೆಯವಳು. ಗಂಡ ಲಿಫ್ಟ್ ಮೆಕ್ಯಾನಿಕ್. ಬಸುರಿನ ಎರಡನೇ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಅವಳಿಗೆ ಸೋಂಕಿರುವುದು ಗೊತ್ತಾಯಿತು. ಗಂಡನನ್ನು ಪರೀಕ್ಷಿಸಿದರೆ ಅವನಿಗೆ ವರ್ಷಗಳಿಂದಲೇ ಇತ್ತು, ಮೈಯ ಶಕ್ತಿ ತಳ ಕಂಡಿತ್ತು. ಯಾರಿಂದ ಯಾರಿಗೆ ಎಂದು ಇಬ್ಬರೂ ಒಂದು ರಾತ್ರಿ ಅತ್ತರು. ಆಮೇಲೆ ಆ ಮಾತು ಎತ್ತಲಿಲ್ಲ. ದೊಡ್ಡಾಸ್ಪತ್ರೆಯ ಚಿಕಿತ್ಸಾ ಕೇಂದ್ರದಲ್ಲಿ ಇಬ್ಬರಿಗೂ ಒಂದೇ ದಿನ ಮಾತ್ರೆ ಶುರುವಾಯಿತು. ದಿನಕ್ಕೊಂದು, ರಾತ್ರಿ ಊಟವಾದ ಮೇಲೆ.

“ದಿನಾ ನುಂಗ್ತಿದ್ರಾ?”

“ನನ್ನ ಕಣ್ಣೆದುರೇ ನುಂಗ್ತಿದ್ರು. ಒಬ್ಬರಿಗೊಬ್ಬರು ನೀರು ಕೊಟ್ಕೊಂಡು ನುಂಗ್ತಿದ್ವಿ. ನನಗೆ ಮಾತ್ರೆ ಕೆಲಸ ಮಾಡ್ತು. ಅವರಿಗೆ ಮಾಡ್ಲಿಲ್ಲ. ಐದನೇ ತಿಂಗಳು ರಕ್ತ ನೋಡಿ ಡಾಕ್ಟರ್ ಬೈದ್ರು. ವೈರಸ್ ಒಂದಿಷ್ಟೂ ಇಳಿದಿಲ್ಲ, ನೀನು ಮಾತ್ರೆ ನುಂಗ್ತಿಲ್ಲ, ಸುಳ್ಳು ಹೇಳ್ತಿದ್ದೀಯ ಅಂದ್ರು. ಅವರು ಮಗು ಮೇಲೆ ಆಣೆ ಇಟ್ರು. ಯಾರೂ ನಂಬಲಿಲ್ಲ. ಸಲಹೆ ಹೇಳೋ ಮೇಡಂ ಒಬ್ರಿದ್ದಾರೆ, ಅವರೂ ನಕ್ಕರು. ಆಮೇಲೆ ತಲೆನೋವು ಶುರುವಾಯ್ತು. ಫಿಟ್ಸ್ ಬಂತು. ಮಿದುಳಿನ ಪೊರೇಲಿ ಬೂಸ್ಟು ಬೆಳೆದಿದೆ ಅಂದ್ರು ಮೇಡಂ. ಬ್ರೆಡ್ ಮೇಲೆ ಬೆಳೆಯುತ್ತಲ್ಲ, ಹಾಗೆ. ಸಾಯೋವರೆಗೂ ಆಸ್ಪತ್ರೆ ಹಾಳೇಲಿ ಮಾತ್ರೆ ನುಂಗದ ರೋಗಿ ಅಂತಲೇ ಇತ್ತು. ಅವರು ಸುಳ್ಳುಗಾರ ಅಲ್ಲ.”

“ಅವರ ಮಾತ್ರೇಲಿ ಏನಾದ್ರೂ ವ್ಯತ್ಯಾಸ ಕಂಡಿತ್ತಾ?”

“ನನ್ನ ಮಾತ್ರೆ ಮೇಲೆ ಅಕ್ಷರ ಇರುತ್ತೆ. ಅವರದಕ್ಕೆ ನಡುವೆ ಒಂದು ಗೆರೆ. ಗಂಡಸರದು ಬೇರೆ, ಹೆಂಗಸರದು ಬೇರೆ ಇರ್ಬೇಕು ಅಂದ್ಕೊಂಡ್ವಿ.”

“ಕೌಂಟರ್‌ನಲ್ಲಿ ಕೇಳ್ಲಿಲ್ವಾ?”

“ಆ ಕೌಂಟರ್ ಮುಂದೆ ಯಾರು ನಿಂತು ಕೇಳ್ತಾರೆ ಮೇಡಂ? ಡಬ್ಬಿ ತಗೊಂಡು ಸೆರಗಲ್ಲಿ ಮುಚ್ಕೊಂಡು ಬಂದ್ರೆ ಸಾಕಾಗಿರುತ್ತೆ.”

ಇನ್‌ಸ್ಪೆಕ್ಟರ್ ಡಬ್ಬಿ ತಿರುಗಿಸಿ ನೋಡುತ್ತಿದ್ದರು. ಇದು ಖಾಲಿಯಾಗುತ್ತ ಬಂದದ್ದು, ತಳದಲ್ಲಿ ಒಂದಷ್ಟು ಮಾತ್ರೆ ಉಳಿದಿದ್ದವು.

“ಸೀಲ್ ಇರ್ತಿತ್ತಾ?”

“ಪ್ರತೀ ಸಲ ಅವರೇ ಕೈಯಾರೆ ಕೀಳ್ತಿದ್ರು. ಒಳಗಿನ ಹತ್ತಿ ತೆಗೆದು ಮೂಗಿನ ಕೆಳಗೆ ಇಟ್ಕೊಳ್ಳೋರು. ಬಿಳಿ ಮೀಸೆ. ‘ನೋಡು, ಮುದುಕ ಆದ್ಮೇಲೆ ನಿನ್ನ ಗಂಡ ಹೀಗೆ ಕಾಣ್ತಾನೆ’ ಅನ್ನೋರು.” ಅವಳು ಮೊದಲ ಸಲ ಕಣ್ಣೊರೆಸಿಕೊಂಡಳು. ಅಜ್ಜಿ ತನಗೆ ಅರಿವಿಲ್ಲದೆಯೇ ತನ್ನ ಮೀಸೆ ಮುಟ್ಟಿಕೊಂಡ.

“ನೀವು ಈಗ ನುಂಗ್ತಿದ್ದೀರಿ ತಾನೆ?”

“ಇಲ್ಲ. ಅವರು ಹೋದ ದಿನದಿಂದ ನಿಲ್ಲಿಸಿದ್ದೀನಿ. ಅದೇ ಕೌಂಟರ್ ಮಾತ್ರೆ. ಹೊಟ್ಟೇಲಿ ಮಗು ಇಟ್ಕೊಂಡು ಯಾವ ನಂಬಿಕೆ ಮೇಲೆ ನುಂಗ್ಲಿ?”

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು. ದೂರುದಾರಳ ಹೆಸರು ಹೊರಗೆ ಬಾರದಂತೆ ಗುಪ್ತ ಕಡತದಲ್ಲಿ ಇಡಬೇಕೆಂದು ಇನ್‌ಸ್ಪೆಕ್ಟರ್ ಕೆಂಪು ಶಾಯಿಯಲ್ಲಿ ಬರೆದರು. ಮಾತ್ರೆ ನಿಲ್ಲಿಸಿದರೆ ಏನಾಗುತ್ತದೆಂದು ಚಿಕಿತ್ಸಾ ಕೇಂದ್ರದ ವೈದ್ಯರಿಗೆ ಫೋನ್ ಮಾಡಿ ಕೇಳಿದರು. ವೈದ್ಯರು ಕೂಗಿಯೇಬಿಟ್ಟರು. ಈ ತಿಂಗಳಲ್ಲಿ ಬಿಟ್ಟರೆ ವೈರಸ್ ಮತ್ತೆ ಏರುತ್ತದೆ, ಹೆರಿಗೆಯಲ್ಲಿ ಮಗುವಿಗೆ ದಾಟುತ್ತದೆ, ಒಂದೊಂದು ದಿನವೂ ಲೆಕ್ಕ, ಇವತ್ತೇ ನುಂಗಿಸಿ ಎಂದರು. ನುಂಗಿಸಲು ಅವಳೇನು ಮಗುವೇ? ಇನ್‌ಸ್ಪೆಕ್ಟರ್ ಫೋನಿಟ್ಟರು.

ಅಂದು ಮಧ್ಯಾಹ್ನ ಇಬ್ಬರು ಪಂಚರ ಜೊತೆ ಮನೆ ಮಹಜರು. ಎರಡು ಕೋಣೆ, ಒಂದು ಅಡುಗೆಮನೆ, ನಡುವೆ ಗೋಡೆಗೆ ಹೊಂದಿಸಿದ ಉದ್ದನೆಯ ಇಸ್ತ್ರಿ ಮೇಜು. ಅಲ್ಲಿ ಸತ್ತವನ ಅಕ್ಕ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಅರವತ್ತು ದಾಟಿದ, ಮಂಡಿ ನೋವಿನ ಹೆಂಗಸು. ಕೆಲಸದಿಂದ ನಿವೃತ್ತಿಯಾದ ಮೇಲೆ ಅಕ್ಕಪಕ್ಕದ ಮನೆಗಳ ಬಟ್ಟೆ ತಂದು ಇಸ್ತ್ರಿ ಮಾಡಿಕೊಡುವುದು ಅವಳ ದುಡಿಮೆ. ತಮ್ಮನಿಗೆ ಆರು ವರ್ಷವಿದ್ದಾಗ ತಾಯಿ ತೀರಿಕೊಂಡರಂತೆ. ಅಂದಿನಿಂದ ಅವನಿಗೆ ತಾಯಿಯೂ ಇವಳೇ, ಅಕ್ಕನೂ ಇವಳೇ. ಮದುವೆಯನ್ನೂ ಮಾಡಿಕೊಳ್ಳಲಿಲ್ಲ.

ಪೊಲೀಸರನ್ನು ಕಂಡು ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೇರ ನಿಲ್ಲಿಸಿದಳು.

“ಮಾತ್ರೆ ಡಬ್ಬಿ ಎಲ್ಲಿಡ್ತಿದ್ರಿ?” ಇನ್‌ಸ್ಪೆಕ್ಟರ್ ಕೇಳಿದರು.

“ನನ್ನ ಬೀರೂಲಿ. ಬಂದು ಹೋಗೋರ ಕಣ್ಣಿಗೆ ಬೀಳ್ಬಾರ್ದು ಅಂತ. ಬೀಗ ಇರೋದು ಅದೊಂದಕ್ಕೇ. ಎರಡು ತಿಂಗಳಿಗಾಗೋಷ್ಟು ಒಟ್ಟಿಗೆ ಕೊಡ್ತಿದ್ರು.”

“ಇಬ್ಬರದು ಗುರುತು ಹಿಡಿಯೋದು ಹೇಗೆ?”

“ಇವಳ ಡಬ್ಬಿಗೆ ಹಸಿರು ದಾರ ಕಟ್ಟಿದ್ದೀವಿ,” ಎಂದು ಅಕ್ಕ ಬೀರು ತೆಗೆದಳು. ಒಳಗೆ ಹಸಿರು ದಾರದ ಎರಡು ಡಬ್ಬಿ ಇದ್ದವು. ದಾರವಿಲ್ಲದ್ದು ಒಂದು. ಅದು ಇನ್ನೂ ಒಡೆದಿರಲಿಲ್ಲ. ಸತ್ತವನು ಮುಂದಿನ ತಿಂಗಳು ನುಂಗಬೇಕಿದ್ದದ್ದು.

ಮೂರನ್ನೂ ಪಂಚರೆದುರು ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿದರು. ಅಜ್ಜಿ ಪಂಚನಾಮೆ ಬರೆಯುತ್ತ ಗೋಡೆಯ ಮೇಲಿನ ಚಿತ್ರ ನೋಡಿದ. ಬಿಳಿ ಟೊಪ್ಪಿಗೆ ತೊಟ್ಟ ಹೆಂಗಸರ ಸಾಲು, ನಡುವೆ ಹಾರ ಹಾಕಿಕೊಂಡ ಅಕ್ಕ.

“ಇದು ಕೆಮ್ಮಿನ ಗುಳಿಗೆ ಕಾರ್ಖಾನೆ ಅಲ್ವಾ? ಮುಚ್ಚಿ ಹೋಯ್ತಲ್ಲ. ನನ್ನ ಗಂಟಲು ಅನಾಥ ಆಗಿದ್ದು ಆವತ್ತೇ!”

“ಮೂವತ್ತು ವರ್ಷ ಅಲ್ಲೇ ಇದ್ದೆ,” ಎಂದಳು ಅಕ್ಕ. ಅಜ್ಜಿಯ ತಮಾಷೆಗೆ ಅವಳ ಮುಖದಲ್ಲಿ ಏನೂ ಅಲುಗಲಿಲ್ಲ. ತಮ್ಮ ಸತ್ತು ಇನ್ನೂ ತಿಂಗಳಾಗದ ಮನೆಯಲ್ಲಿ ತಮಾಷೆ ಮಾಡಿದ್ದಕ್ಕೆ ಅಜ್ಜಿಗೇ ನಾಚಿಕೆಯಾಗಿ ತಲೆ ತಗ್ಗಿಸಿ ಬರೆದ.

ಹನ್ನೆರಡನೇ ತಾರೀಕು ಸಂಜೆ ಪ್ರಯೋಗಾಲಯದ ಮೊದಲ ವರದಿ ಬಂತು. ದೂರುದಾರಳು ತಂದ ಡಬ್ಬಿಯಲ್ಲಿದ್ದದ್ದು ಬರೀ ಕ್ಯಾಲ್ಸಿಯಂ, ಮೂಳೆ ನೋವಿನವರಿಗೆ ಕೊಡುವಂಥದ್ದು. ಒಡೆಯದ ಡಬ್ಬಿಯಲ್ಲೂ ಅದೇ. ಹಸಿರು ದಾರದ ಡಬ್ಬಿಗಳಲ್ಲಿ ಮಾತ್ರ ಅಸಲಿ ಎಚ್‌ಐವಿ ಮಾತ್ರೆ. ನಾಲ್ಕೂ ಡಬ್ಬಿಗಳ ತಳದಲ್ಲಿ ಒತ್ತಿದ ತಯಾರಿಕೆಯ ಸಂಖ್ಯೆ ಮಾತ್ರ ಒಂದೇ.

“ಹಾಗಾದ್ರೆ ಕಳ್ಳ ಕೌಂಟರ್ ಹಿಂದೇನೇ ಇದ್ದಾನೆ,” ಎಂದ ಅಜ್ಜಿ.

ಇನ್‌ಸ್ಪೆಕ್ಟರ್‌ಗೂ ಹಾಗೇ ಅನ್ನಿಸಿತು. ಮಾರನೇ ಬೆಳಗ್ಗೆ ಚಿಕಿತ್ಸಾ ಕೇಂದ್ರದ ಔಷಧಿ ಕೋಣೆಗೆ ಬೀಗ ಬಿತ್ತು. ಫಾರ್ಮಸಿಸ್ಟ್ ಕನ್ನಡಕ ಒರೆಸಿ ಒರೆಸಿ ಹಾಕಿಕೊಳ್ಳುವ ಮನುಷ್ಯ. ವಿಚಾರಣೆ ಶುರುವಾಗುವ ಮೊದಲೇ ಅವನ ಅಂಗಿ ಬೆನ್ನಿಗೆ ಅಂಟಿತ್ತು.

“ನಿಮ್ಮ ಕೈ ದಾಟದೆ ಡಬ್ಬಿ ಹೊರಗೆ ಹೋಗುತ್ತಾ?”

“ಇಲ್ಲ ಮೇಡಂ.”

“ಹಾಗಾದ್ರೆ ಒಳಗೆ ಕ್ಯಾಲ್ಸಿಯಂ ಹೇಗೆ ಬಂತು?”

“ನನಗೆ ಗೊತ್ತಿಲ್ಲ. ನನ್ನ ಮಕ್ಕಳಾಣೆಗೂ ಗೊತ್ತಿಲ್ಲ.”

“ಆ ಲಿಫ್ಟ್ ಮೆಕ್ಯಾನಿಕ್ ಕೂಡ ಮಗು ಮೇಲೆ ಆಣೆ ಇಟ್ಟಿದ್ದ. ನಂಬಿದ್ರಾ?”

ಫಾರ್ಮಸಿಸ್ಟ್ ಕನ್ನಡಕ ತೆಗೆದು ಮತ್ತೆ ಒರೆಸತೊಡಗಿದ.

ಸುದ್ದಿ ಹೇಗೆ ಹೊರಬಿತ್ತೋ, ಹತ್ತು ಗಂಟೆಯ ಹೊತ್ತಿಗೆ ಕಿಟಕಿಯಾಚೆ ಜನ ಸೇರಿದರು. ಗಲಾಟೆಯೇನೂ ಇರಲಿಲ್ಲ. ಈ ಕೌಂಟರಿಗೆ ಬರುವವರು ಗಲಾಟೆ ಮಾಡಿ ಊರ ಕಣ್ಣಿಗೆ ಬೀಳುವವರಲ್ಲ. ಮುಖಕ್ಕೆ ದುಪಟ್ಟಾ ಕಟ್ಟಿದವರು, ಹೆಲ್ಮೆಟ್ ತೆಗೆಯದೆ ನಿಂತವರು. ಒಬ್ಬ ಮುದುಕ ಕಿಟಕಿಯ ಕಂಬಿಗಳ ನಡುವೆ ತನ್ನ ಡಬ್ಬಿಯನ್ನು ತೂರಿಸಿ ಒಳಗೆ ಬೀಳಿಸಿದ. “ಇದು ನಿಮ್ಮ ಹತ್ರಾನೇ ಇರ್ಲಿ,” ಎಂದು ಹೇಳಿ ಹೋದ. ಅವನ ಹಿಂದೆ ಇನ್ನೊಬ್ಬಳು. ಮಧ್ಯಾಹ್ನದ ಹೊತ್ತಿಗೆ ಕಿಟಕಿಯ ಕೆಳಗೆ ಡಬ್ಬಿಗಳ ರಾಶಿಯೇ ಬಿದ್ದಿತ್ತು. ವೈದ್ಯರು ಆ ರಾಶಿ ನೋಡಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

“ಒಬ್ಬ ಸತ್ತ ಅಂತ ತನಿಖೆ ಮಾಡ್ತಿದ್ದೀರಿ ಮೇಡಂ,” ಎಂದರು. “ಈ ರಾಶೀಲಿ ಎಷ್ಟು ಜನ ಸಾಯ್ತಾರೆ ಅಂತ ನಾನು ಹೇಳ್ಲಾ?”

ಇನ್‌ಸ್ಪೆಕ್ಟರ್‌ಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ವೈದ್ಯರು ಹೇಳಿದ್ದು ನಿಜವಾದ್ದರಿಂದ. ಕೂಡಲೇ ಪಂಚರನ್ನು ಕರೆಸಿ, ಅದೇ ಸಂಖ್ಯೆಯ ಡಬ್ಬಿಗಳನ್ನು ಬೇರೆ ಬೇರೆ ಪೆಟ್ಟಿಗೆಗಳಿಂದ ಆರಿಸಿ ಒಂದೊಂದನ್ನೇ ಒಡೆಸಿದರು. ಬೆಳ್ಳಿ ಹಾಳೆಯ ಸೀಲು ಕಿತ್ತರೆ ಕೆಳಗೆ ನೇರ ಮಾತ್ರೆಗಳು, ಅಕ್ಷರ ಒತ್ತಿದವು. ಜೊತೆಗೆ ತೇವ ಹೀರುವ ಪುಟ್ಟ ಪೊಟ್ಟಣ. ಎರಡನೆಯದೂ ಹಾಗೇ. ಐದನೆಯದೂ ಹಾಗೇ. ಆರನೆಯದನ್ನು ಒಡೆಯುವಾಗ ಇನ್‌ಸ್ಪೆಕ್ಟರ್ ಕೈ ಎತ್ತಿ ನಿಲ್ಲಿಸಿದರು.

“ಹತ್ತಿ ಎಲ್ಲಿ?”

“ಯಾವ ಹತ್ತಿ?” ಎಂದ ಫಾರ್ಮಸಿಸ್ಟ್.

“ಡಬ್ಬಿಯೊಳಗೆ ಹತ್ತಿ ಇರಲ್ವಾ?”

“ನಾನು ಈ ಕೌಂಟರ್‌ಗೆ ಬಂದಾಗಿನಿಂದ ಒಂದು ಡಬ್ಬೀಲೂ ಹತ್ತಿ ನೋಡಿಲ್ಲ ಮೇಡಂ. ಈ ಪೊಟ್ಟಣ ಇರುತ್ತೆ, ಅಷ್ಟೇ.”

ಅಜ್ಜಿ ಮೀಸೆಗೆ ಕೈ ಹಾಕಿದ. ಬಿಳಿ ಮೀಸೆಯ ಮಾತು ಇಬ್ಬರಿಗೂ ಒಟ್ಟಿಗೇ ನೆನಪಾಯಿತು.

ಪ್ರಯೋಗಾಲಯಕ್ಕೆ ಫೋನ್ ಹೋಯಿತು. ಒಡೆಯದಿದ್ದ ಡಬ್ಬಿಯಲ್ಲಿ ಒಂದು ಉಂಡೆ ಹತ್ತಿ ಇತ್ತೆಂದು ಅಲ್ಲಿಯವರು ಹೇಳಿದರು. ಸೀಲಿನ ಹಾಳೆ ಹೊಳಪು ಕಳೆದುಕೊಂಡು ಸುಕ್ಕಾಗಿದೆ, ಒಂದು ಸಲ ಕಿತ್ತು ಮತ್ತೆ ಶಾಖ ಕೊಟ್ಟು ಅಂಟಿಸಿದ ಹಾಗಿದೆ ಎಂದೂ ಹೇಳಿದರು.

ಸಂಜೆ ಪರದೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ನೇತುಹಾಕಿದ ಬಟ್ಟೆಗಳ ನಡುವೆ, ಇನ್‌ಸ್ಪೆಕ್ಟರ್ ದೂರುದಾರಳನ್ನು ಕಂಡರು. ಕೌಂಟರಿನ ಮಾತ್ರೆ ಅಸಲಿ, ನಿನ್ನ ಡಬ್ಬಿಯದೂ ಅಸಲಿ, ಪರೀಕ್ಷೆ ಆಗಿದೆ, ಇವತ್ತು ರಾತ್ರಿಯಿಂದಲೇ ನುಂಗು ಎಂದು ಹೇಳಿದರು.

“ಪರೀಕ್ಷೆ ಮಾಡಿದ ಮಾತ್ರೇನ ಪುಡಿ ಮಾಡಿರ್ತಾರೆ ಅಲ್ವಾ ಮೇಡಂ?” ಅವಳು ಕೇಳಿದಳು. “ನಾನು ನುಂಗೋದು ಇನ್ನೊಂದನ್ನ. ಅವರ ಡಬ್ಬಿಗೂ ಸೀಲ್ ಇತ್ತು. ಯಾರು ಮಾಡಿದ್ರು ಅಂತ ಗೊತ್ತಾಗೋವರೆಗೂ ನನ್ನ ಕೈಲಿ ಆಗಲ್ಲ. ಬೈಬೇಡಿ. ಬಾಯಿ ಹತ್ರ ತಂದು ವಾಪಸ್ ಇಟ್ಟಿದ್ದೀನಿ.”

ಇನ್‌ಸ್ಪೆಕ್ಟರ್ ಬೈಯಲಿಲ್ಲ.

“ಒಂದು ಮಾತು ನೆನಪು ಮಾಡ್ಕೊಂಡು ಹೇಳು. ನಿನ್ನ ಡಬ್ಬೀಲಿ ಹತ್ತಿ ಇರ್ತಿತ್ತಾ?”

“ಇಲ್ಲ.”

“ಅವನ ಮೊದಲನೇ ಡಬ್ಬೀಲಿ?”

ಅವಳು ಯೋಚಿಸಿದಳು. “ಇರ್ಲಿಲ್ಲ. ಮೀಸೆ ಆಟ ಶುರುವಾಗಿದ್ದು ಅವರು ಆಸ್ಪತ್ರೆಯಿಂದ ವಾಪಸ್ ಬಂದ ಮೇಲೆ. ಎರಡನೇ ಡಬ್ಬಿಯಿಂದ.”

“ಆಸ್ಪತ್ರೆಗೆ ಯಾಕೆ ಸೇರಿದ್ದ?”

“ಮಾತ್ರೆ ಶುರು ಮಾಡಿ ಎರಡು ವಾರಕ್ಕೇ ಕುತ್ತಿಗೇಲಿ ಗಡ್ಡೆ ಎದ್ದಿತ್ತು. ನಿಂಬೆಹಣ್ಣಿನಷ್ಟು. ಜ್ವರ ಅಂದ್ರೆ ಜ್ವರ. ಉಸಿರಾಡೋಕೂ ಆಗ್ತಿರ್ಲಿಲ್ಲ. ಆವಾಗ ನನಗೆ ವಾಂತಿ, ಏಳೋಕೇ ಆಗ್ತಿರ್ಲಿಲ್ಲ. ಅತ್ತಿಗೇನೇ ಜೊತೆಗಿದ್ರು.” ಗಂಡನ ಅಕ್ಕನನ್ನು ಅವಳು ಅತ್ತಿಗೆ ಎನ್ನುತ್ತಿದ್ದಳು.

ವೈದ್ಯರನ್ನು ಮತ್ತೆ ಕೇಳಿದಾಗ ಅವರು ಇದನ್ನು ಬಿಡಿಸಿ ಹೇಳಿದರು. ಮೈಯ ರೋಗನಿರೋಧಕ ಶಕ್ತಿ ತೀರಾ ಸತ್ತುಹೋದವರಲ್ಲಿ ಹೀಗಾಗುವುದುಂಟು. ಒಳಗೆ ಕ್ಷಯ ಸದ್ದಿಲ್ಲದೆ ಅಡಗಿರುತ್ತದೆ. ಎಚ್‌ಐವಿ ಮಾತ್ರೆ ಹೊಟ್ಟೆಗೆ ಬಿದ್ದ ಮೇಲೆ ಮಲಗಿದ್ದ ಶಕ್ತಿ ಒಮ್ಮೆಲೇ ಎದ್ದು ಆ ಕ್ಷಯದ ಮೇಲೆ ಬೀಳುತ್ತದೆ. ಆ ಜಗಳದಲ್ಲಿ ಗಡ್ಡೆ ಏಳುತ್ತದೆ, ಜ್ವರ ಬರುತ್ತದೆ. ನೋಡಿದವರಿಗೆ ಮಾತ್ರೆಯೇ ವಿಷವಾಯಿತು ಅನ್ನಿಸುತ್ತದೆ. ಆದರೆ ಅದು ಮೈ ಎಚ್ಚೆತ್ತ ಲಕ್ಷಣ. ಎಚ್‌ಐವಿ ಮಾತ್ರೆ ನಿಲ್ಲಿಸದೆ, ಕ್ಷಯದ ಮಾತ್ರೆಯನ್ನೂ ಊತ ಇಳಿಸುವ ಔಷಧಿಯನ್ನೂ ಜೊತೆಗೆ ಕೊಟ್ಟು ದಾಟಿಸಬೇಕು.

“ಇದನ್ನ ಮನೆಯವರಿಗೆ ಹೇಳಿದ್ರಾ?”

“ರೋಗಿಗೆ ಹೇಳಿದ್ದೆ.”

“ಅಕ್ಕನಿಗೆ?”

“ಅವರು ಕಾರಿಡಾರ್‌ನಲ್ಲಿ ಇರ್ತಿದ್ರು. ಡ್ಯೂಟಿ ಡಾಕ್ಟರ್ ಯಾರಾದ್ರೂ ಹೇಳಿರ್ಬೇಕು.” ವೈದ್ಯರು “ಹೇಳಿರ್ಬೇಕು,” ಎಂದು ಇನ್ನೊಮ್ಮೆ ಅಂದರು. ಈ ಸಲ ದನಿ ಸಣ್ಣದಾಗಿತ್ತು.

ಹೊರಗೆ ಜೀಪಿನ ಹತ್ತಿರ ಅಜ್ಜಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಂತಿದ್ದ. ಏನೋ ಹೇಳಬೇಕು, ಹೇಳಲು ಮನಸ್ಸಿಲ್ಲ ಎಂಬ ಮುಖ.

“ಆ ಕೆಮ್ಮಿನ ಗುಳಿಗೆ ಡಬ್ಬಿ ಮೇಡಂ. ಸೀಲ್ ಕಿತ್ತರೆ ಮೊದಲು ಕೈಗೆ ಸಿಗ್ತಿದ್ದದ್ದು ಹತ್ತಿ.”

“ನನಗೂ ಅಲ್ಲಿಗೇ ಹೋಯ್ತು ತಲೆ,” ಎಂದರು ಇನ್‌ಸ್ಪೆಕ್ಟರ್. “ಬೀರು ಬೀಗ ಅವಳದು. ಮಂಡಿ ನೋವಿಗೆ ಕ್ಯಾಲ್ಸಿಯಂ ನುಂಗೋಳೂ ಅವಳೇ ಇರ್ಬೇಕು. ಶಾಖ ಕೊಡೋದಂತೂ ದಿನಾ ಅವಳ ಕೈಲೇ ಇದೆ.”

ಹದಿನಾಲ್ಕನೇ ತಾರೀಕು ಬೆಳಗ್ಗೆ ಎಂಟಕ್ಕೆ, ಮಹಿಳಾ ಕಾನ್‌ಸ್ಟೆಬಲ್ ಒಬ್ಬಳನ್ನು ಕರೆದುಕೊಂಡು ಇನ್‌ಸ್ಪೆಕ್ಟರ್ ಮತ್ತು ಅಜ್ಜಿ ಮತ್ತೆ ಆ ಮನೆಗೆ ಹೋದರು. ತಮ್ಮನ ಹೆಂಡತಿ ಅಂಗಡಿಗೆ ಹೋಗಿಯಾಗಿತ್ತು. ಅಕ್ಕ ಇಸ್ತ್ರಿ ಮೇಜಿನ ಮುಂದಿದ್ದಳು. ಇನ್‌ಸ್ಪೆಕ್ಟರ್ ಒಂದು ಖಾಲಿ ಡಬ್ಬಿಯನ್ನೂ ಒಂದು ಉಂಡೆ ಹತ್ತಿಯನ್ನೂ ಅಂಗಿಗಳ ಪಕ್ಕದಲ್ಲಿಟ್ಟರು.

ಅಕ್ಕ ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಕಿತ್ತಳು. ವೈರನ್ನು ನಿಧಾನವಾಗಿ ಸುತ್ತಿಟ್ಟಳು.

“ಆಸ್ಪತ್ರೆ ಡಬ್ಬೀಲಿ ಹತ್ತಿ ಇರಲ್ಲ,” ಎಂದರು ಇನ್‌ಸ್ಪೆಕ್ಟರ್. “ಯಾಕೆ ಇಟ್ರಿ?”

ಅಕ್ಕ ಹತ್ತಿಯನ್ನೇ ನೋಡುತ್ತಿದ್ದಳು.

“ಹತ್ತಿ ಇಡದೆ ಮುಚ್ಚಳ ಹಾಕೋಕೆ ಕೈ ಬರ್ಲಿಲ್ಲ,” ಎಂದಳು.

ಅಜ್ಜಿ ಬರೆಯುವುದನ್ನು ನಿಲ್ಲಿಸಿ ಕಿಟಕಿಯಾಚೆ ನೋಡಿದ.

“ಸೀಲ್ ಹೇಗೆ ಹಾಕಿದ್ರಿ?”

“ಕಾರ್ಖಾನೇಲಿ ಮಿಷನ್ ಕೆಡ್ತಾನೇ ಇರ್ತಿತ್ತು. ಹಾಳೆ ಮೇಲೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿ ಸೀಲ್ ಮಾಡ್ತಿದ್ವಿ. ಕೀಳೋದೂ ಹಾಗೇ, ಬಿಸಿ ಮಾಡಿದ್ರೆ ಹರಿಯದೆ ಬರುತ್ತೆ. ನನ್ನಷ್ಟು ಚೆನ್ನಾಗಿ ಯಾರಿಗೂ ಬರ್ತಿರ್ಲಿಲ್ಲ.”

“ಯಾಕೆ?”

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು. ಮಾತು ಶುರು ಮಾಡಿದಾಗ ಯಾರಿಗೋ ದೂರು ಹೇಳುವಂತೆ ಹೇಳಿದಳು.

“ಅವನು ನಡ್ಕೊಂಡು ಕೆಲಸಕ್ಕೆ ಹೋಗ್ತಿದ್ದೋನು. ಮಾತ್ರೆ ಶುರು ಮಾಡಿದ ಎರಡೇ ವಾರಕ್ಕೆ ಹಾಸಿಗೆ ಹಿಡಿದ. ಕುತ್ತಿಗೆ ನೋಡೋಕಾಗ್ತಿರ್ಲಿಲ್ಲ. ಕಾರಿಡಾರ್‌ನಲ್ಲಿ ಒಬ್ಬ ಡಾಕ್ಟರ್ ಓಡ್ತಾ ಇದ್ರು, ಕೈ ಹಿಡಿದು ಕೇಳ್ದೆ. ‘ಆ ಮಾತ್ರೆಯಿಂದಲೇ ಬಂದಿದ್ದಮ್ಮ ಇದು’ ಅಂದ್ರು. ಅಷ್ಟೇ ಅಂದು ಹೋದ್ರು. ಡಾಕ್ಟರೇ ಹೇಳಿದ ಮೇಲೆ ಇನ್ನೇನಿದೆ? ಇವಳಿಗೆ ಹಿಡಿಸ್ತು, ಅವನ ಮೈಗೆ ಹಿಡಿಸ್ಲಿಲ್ಲ. ಕೆಲವರಿಗೆ ಔಷಧಿ ಹಿಡಿಸಲ್ಲ.”

“ಅವನಿಗೆ ಹೇಳ್ಲಿಲ್ವಾ?”

“ಕಾಲು ಹಿಡ್ಕೊಂಡೆ. ‘ನಿಲ್ಲಿಸಿದ್ರೆ ಸಾಯ್ತೀನಿ ಅಂತಾರೆ ಅಕ್ಕ, ನಿಲ್ಲಿಸಲ್ಲ’ ಅಂದ. ನಾನು ಸಾಕಿದ ಮೈ ಅದು. ಯಾವುದು ಹಿಡಿಸುತ್ತೆ, ಯಾವುದು ಹಿಡಿಸಲ್ಲ ಅಂತ ನನಗೆ ಗೊತ್ತಿಲ್ವಾ? ಬದಲಾಯಿಸಿದೆ. ತಿಂಗಳೊಳಗೆ ಗಡ್ಡೆ ಇಳೀತು. ಜ್ವರ ಬಿಡ್ತು. ಕೆಲಸಕ್ಕೆ ಹೋದ. ಹಾಡು ಗುನುಗ್ತಾ ಹೋದ ಮೇಡಂ. ನಾನು ಗೆದ್ದೆ ಅಂದ್ಕೊಂಡೆ.”

“ಗಡ್ಡೆ ಇಳಿದಿದ್ದು ಕ್ಷಯದ ಮಾತ್ರೆಯಿಂದ. ಅದನ್ನ ನೀವು ಮುಟ್ಟಿರ್ಲಿಲ್ಲ.”

“ಈಗ ಗೊತ್ತು.”

“ಯಾವಾಗ ಗೊತ್ತಾಯ್ತು?”

ಹೊರಗೆ ಯಾರೋ ಬಟ್ಟೆ ಕೇಳಿಕೊಂಡು ಬಂದು ಬಾಗಿಲು ತಟ್ಟಿದರು. ಮಹಿಳಾ ಕಾನ್‌ಸ್ಟೆಬಲ್ ಹೋಗಿ ಕಳಿಸಿ ಬಂದಳು.

“ಅವನನ್ನ ಸುಳ್ಳುಗಾರ ಅಂದ್ರಲ್ಲ, ಆವತ್ತು ಪಕ್ಕದಲ್ಲೇ ಕೂತಿದ್ದೆ. ಆಗ ಎದೆ ಧಸಕ್ ಅಂತು. ಮನೆಗೆ ಬಂದು ಅಸಲಿ ಮಾತ್ರೆ ವಾಪಸ್ ಹಾಕೋಣ ಅಂತ ಡಬ್ಬಿ ತೆಗೆದೆ. ಆ ಕುತ್ತಿಗೆ ಕಣ್ಮುಂದೆ ಬಂತು. ಮತ್ತೆ ಅದೇ ಆದ್ರೆ? ಇವತ್ತು ಬೇಡ, ನಾಳೆ ಹಾಕೋಣ ಅಂದ್ಕೊಂಡೆ. ನಾಳೆ ನಾಳೆ ಅನ್ನೋದ್ರಲ್ಲಿ ತಲೆನೋವು ಬಂತು.”

“ಅವನು ಸತ್ತ ಮೇಲೂ ಹೇಳ್ಲಿಲ್ಲ. ಅವಳು ಮಾತ್ರೆ ನಿಲ್ಲಿಸಿದ್ದು ಕಣ್ಣಾರೆ ನೋಡ್ತಿದ್ರಿ. ಹೊಟ್ಟೇಲಿರೋದು ನಿಮ್ಮ ತಮ್ಮನ ಮಗು.”

ಅಕ್ಕನ ಮುಖ ಆಗ ಒಡೆಯಿತು. ತಮ್ಮ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲವೆಂದು ಪಕ್ಕದ ಮನೆಯವರು ಆಮೇಲೆ ಹೇಳಿಕೆ ಕೊಟ್ಟರು. “ನುಂಗು ಅಂತ ಹೇಳಬೇಕಾದ್ರೆ ಯಾಕೆ ಅಂತಾನೂ ಹೇಳಬೇಕಲ್ಲ,” ಎಂದಳು. “ಆಮೇಲೆ ಅವಳು ನನ್ನನ್ನ ಅತ್ತಿಗೆ ಅಂತಾಳಾ?”

ತಾನಾಗಿಯೇ ಎದ್ದು, ಅಡುಗೆಮನೆಯ ಅಟ್ಟದಿಂದ ಹಳೆಯ ಗುಳಿಗೆ ಡಬ್ಬಿಯೊಂದನ್ನು ಇಳಿಸಿ ತಂದಳು. ತಮ್ಮ ನುಂಗಬೇಕಿದ್ದ ಅಸಲಿ ಮಾತ್ರೆಗಳೆಲ್ಲ ಅದರಲ್ಲಿದ್ದವು. ಔಷಧಿ ಚೆಲ್ಲಲು ಮನಸ್ಸಾಗಲಿಲ್ಲವಂತೆ. ಮೇಲೆ ಅಚ್ಚುಕಟ್ಟಾಗಿ ಹತ್ತಿ ಇಟ್ಟಿದ್ದಳು. ಪಂಚರನ್ನು ಕರೆಸಿ, ಅವರ ಸಮಕ್ಷಮ ಡಬ್ಬಿ, ಇಸ್ತ್ರಿ ಪೆಟ್ಟಿಗೆ, ಕಂದು ಉಂಗುರದ ಗುರುತಿದ್ದ ಬಟ್ಟೆ, ಕ್ಯಾಲ್ಸಿಯಂ ಮಾತ್ರೆಯ ಖಾಲಿ ಹಾಳೆಗಳನ್ನು ವಶಪಡಿಸಿಕೊಳ್ಳಲಾಯಿತು. ಹತ್ತೂವರೆಗೆ ಬಂಧನ.

ಹನ್ನೊಂದಕ್ಕೆ ಫಾರ್ಮಸಿಸ್ಟನ ಕೋಣೆಯ ಬೀಗ ತೆಗೆದರು. ವೈದ್ಯರು ಕಿಟಕಿಯ ಕೆಳಗಿನ ರಾಶಿಯನ್ನು ಬಾಚಿ, ವಿಳಾಸ ಹುಡುಕಿ ಒಬ್ಬೊಬ್ಬರಿಗೇ ಫೋನ್ ಮಾಡಲು ಕೂತರು. ಎಲ್ಲರೂ ಫೋನ್ ಎತ್ತಲಿಲ್ಲ. ಆ ಮುದುಕನ ಫೋನು ಸಂಜೆವರೆಗೂ ಸ್ವಿಚ್ ಆಫ್ ಆಗಿತ್ತು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ವರದಿ ಬರೆಯುತ್ತ, ಉದ್ದೇಶ ಎಂಬಲ್ಲಿ ಬಂದು ನಿಂತರು. ದ್ವೇಷ, ಆಸ್ತಿ, ಹಣ, ಅನೈತಿಕ ಸಂಬಂಧ ಎಂದು ಕೈಗೆ ರೂಢಿಯಾದ ಪದಗಳು ಬಹಳಷ್ಟಿದ್ದವು. ಒಂದೂ ಆಗಿಬರಲಿಲ್ಲ. ಕೊನೆಗೆ, “ಔಷಧಿಯು ಮೃತನ ಮೈಗೆ ಹಿಡಿಸಲಿಲ್ಲವೆಂದು ನಂಬಿ, ಆತನನ್ನು ಉಳಿಸಿಕೊಳ್ಳುವ ಸಲುವಾಗಿ” ಎಂದು ಬರೆದರು. ಓದಿ ನೋಡಿದರೆ ಆರೋಪದಂತೆ ಕಾಣಲಿಲ್ಲ. ಆದರೂ ಹೊಡೆದುಹಾಕಲಿಲ್ಲ. ಅದರ ಕೆಳಗೆ, ಮೃತನು ತನ್ನ ಔಷಧಿಯೆಂದು ನಂಬಿದ್ದನ್ನು ಒಂದು ದಿನವೂ ತಪ್ಪಿಸಿರಲಿಲ್ಲ, ಆಸ್ಪತ್ರೆಯ ದಾಖಲೆಯಲ್ಲಿರುವ ಮಾತನ್ನು ತಿದ್ದಬೇಕು ಎಂದು ಇನ್ನೊಂದು ಸಾಲು ಸೇರಿಸಿದರು.

ದೂರುದಾರಳು ಸಹಿ ಹಾಕಲು ಬಂದಾಗ ಸಂಜೆ ನಾಲ್ಕೂವರೆ. ಎಲ್ಲವನ್ನೂ ಇನ್‌ಸ್ಪೆಕ್ಟರೇ ಹೇಳಿದರು. ಈ ಸಲ ಅವಳು ಕುರ್ಚಿಯಲ್ಲಿ ಕೂತಳು. ಆ ಕೊನೆಯ ಸಾಲನ್ನು ಎರಡು ಸಲ ಓದಿಸಿಕೊಂಡಳು. ಅತ್ತಿಗೆಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಕರೆದೊಯ್ಯುತ್ತಿದ್ದಾಗ ಇಬ್ಬರೂ ಪಡಸಾಲೆಯಲ್ಲಿ ಎದುರಾದರು. ಮಹಿಳಾ ಕಾನ್‌ಸ್ಟೆಬಲ್ ಅಕ್ಕನ ತೋಳು ಹಿಡಿದಿದ್ದಳು.

“ನಿನ್ನ ಡಬ್ಬಿ ನಾನು ಮುಟ್ಟಿಲ್ಲ,” ಎಂದಳು ಅಕ್ಕ. “ಹಸಿರು ದಾರದ್ದು ಒಂದನ್ನೂ ಮುಟ್ಟಿಲ್ಲ. ನುಂಗು.”

“ಅವರನ್ನ ಸುಳ್ಳುಗಾರ ಅಂದಾಗ ನೀವು ಪಕ್ಕದಲ್ಲೇ ಇದ್ರಿ,” ಎಂದಳು ಅವಳು. ಅತ್ತಿಗೆ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ.

ಅಕ್ಕ ತಲೆ ಆಡಿಸಿದಳು. ಜೀಪು ಹೊರಟಿತು.

ಅಜ್ಜಿ ತನ್ನ ಫ್ಲಾಸ್ಕಿನಿಂದ ಒಂದು ಲೋಟ ಬಿಸಿನೀರು ಬಗ್ಗಿಸಿ ತಂದು ಮೇಜಿನ ಮೇಲಿಟ್ಟು ಹಿಂದೆ ಸರಿದ. ಅವಳು ಕೈಚೀಲದಿಂದ ಹೊಸ ಡಬ್ಬಿ ತೆಗೆದಳು. ವೈದ್ಯರು ಫೋನ್ ಮಾಡಿ ಕರೆದಿದ್ದರಿಂದ ಬರುವ ದಾರಿಯಲ್ಲಿ ಕೌಂಟರಿನಿಂದ ತಂದದ್ದು. ಚೀಟಿಯನ್ನು ಇನ್ನೂ ಕಿತ್ತಿರಲಿಲ್ಲ. ಮುಚ್ಚಳ ತಿರುಗಿಸಿ, ಬೆಳ್ಳಿ ಹಾಳೆಯ ಅಂಚಿಗೆ ಉಗುರು ಹಾಕಿದಳು. ಹಾಳೆ ಕಿತ್ತು, ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಬಗ್ಗಿಸಿ ಒಳಗೆ ನೋಡಿದಳು.

ಹತ್ತಿ ಇರಲಿಲ್ಲ. ಒಂದು ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡು ನೀರು ಕುಡಿದಳು.